ಶಿರೂರು ಮಠ, ಮೂಲ್ಕಿ ದೇವಾಲಯ ಮತ್ತು ನಂಬಿಕೆಯ ಹಕ್ಕು

ಭಾರತದಲ್ಲಿ ಧರ್ಮ ಸ್ವಾತಂತ್ರ್ಯದ ವ್ಯಾಪ್ತಿ ಎಷ್ಟು, ಒಂದು ಆಚರಣೆ ಧರ್ಮಕ್ಕೆ ಸೇರಿದ್ದೋ ಲೋಕವ್ಯವಹಾರಕ್ಕೆ ಸೇರಿದ್ದೋ ಎಂದು ಹೇಳುವ ಅಧಿಕಾರ ಯಾರದು ಎಂಬ ಪ್ರಶ್ನೆಗಳನ್ನು ಎತ್ತಿದ ಪ್ರಮುಖ ಮೊಕದ್ದಮೆಗಳಲ್ಲಿ ಮೂರು, ಹಳೆಯ ದಕ್ಷಿಣ ಕನ್ನಡ ಜಿಲ್ಲೆಯ ಗಡಿಯೊಳಗಿಂದಲೇ ಸುಪ್ರೀಂ ಕೋರ್ಟಿನವರೆಗೆ ಹೋದವು. ಮೊದಲನೆಯದು ಉಡುಪಿಯ ಅಷ್ಟಮಠಗಳಲ್ಲಿ ಒಂದಾದ ಶಿರೂರು ಮಠದ್ದು. 1954ರಲ್ಲಿ ಅದರ ತೀರ್ಪು ಬಂತು. ಎರಡನೆಯದು ಮೂಲ್ಕಿಯ ವೆಂಕಟರಮಣ ದೇವಾಲಯದ್ದು, 1957ರ ಕೊನೆಯಲ್ಲಿ ತೀರ್ಮಾನವಾದದ್ದು. ಮೂರನೆಯದು ಉಡುಪಿಯ ಸರ್ಕಾರಿ ಪದವಿಪೂರ್ವ ಕಾಲೇಜಿನ ವಿದ್ಯಾರ್ಥಿನಿಯರು ತಲೆಗೆ ಹಿಜಾಬ್ ಧರಿಸಿ ತರಗತಿಗೆ ಬರುವ ಹಕ್ಕನ್ನು ಕೇಳಿದಾಗ ಹುಟ್ಟಿ, 2022ರಲ್ಲಿ ಇಬ್ಬರು ನ್ಯಾಯಮೂರ್ತಿಗಳ ಭಿನ್ನಮತದೊಂದಿಗೆ ಅರ್ಧಕ್ಕೇ ನಿಂತದ್ದು. ಮಠ, ದೇವಾಲಯ, ಕಾಲೇಜು ಎಂಬ ಮೂರು ಬೇರೆ ಬೇರೆ ಸ್ಥಳಗಳ ಈ ಮೊಕದ್ದಮೆಗಳನ್ನು ಒಟ್ಟಿಗೆ ಓದುವ ರೂಢಿ ಕಡಿಮೆ. ಆದರೆ ಒಟ್ಟಿಗೆ ಓದಿದಾಗ ಸ್ವತಂತ್ರ ಭಾರತದ ನ್ಯಾಯಾಲಯಗಳು ನಂಬಿಕೆಯ ಮುಂದೆ ಇಟ್ಟ ಪ್ರಶ್ನೆಯೇ ಏಳು ದಶಕಗಳಲ್ಲಿ ಹೇಗೆ ಬದಲಾಯಿತೆಂಬುದು ಸ್ಪಷ್ಟವಾಗುತ್ತದೆ, ಮತ್ತು ಆ ಬದಲಾವಣೆ ಒಳಿತಿಗೆ ಆಗಿಲ್ಲವೆಂಬುದೂ ತಿಳಿಯುತ್ತದೆ.

ಸಂವಿಧಾನದ 25ನೇ ವಿಧಿ ಎಲ್ಲ ವ್ಯಕ್ತಿಗಳಿಗೂ ಆತ್ಮಸಾಕ್ಷಿಯ ಸ್ವಾತಂತ್ರ್ಯವನ್ನೂ, ಧರ್ಮವನ್ನು ಅವಲಂಬಿಸುವ, ಆಚರಿಸುವ ಮತ್ತು ಪ್ರಚಾರ ಮಾಡುವ ಹಕ್ಕನ್ನೂ ಸಮಾನವಾಗಿ ಕೊಡುತ್ತದೆ. ಇಲ್ಲಿ ಎರಡು ಸಂಗತಿಗಳು ಗಮನಾರ್ಹ. ವಾಕ್ ಸ್ವಾತಂತ್ರ್ಯದಂಥ ಹಕ್ಕುಗಳು ನಾಗರಿಕರಿಗೆ ಮಾತ್ರ ಸಲ್ಲುತ್ತವೆ. ಆದರೆ ಈ ಹಕ್ಕು ಈ ನೆಲದ ಮೇಲಿರುವ ಯಾವ ಮನುಷ್ಯನಿಗಾದರೂ ಸಲ್ಲುತ್ತದೆ. ಧರ್ಮಕ್ಕಿಂತ ಮೊದಲು ಆತ್ಮಸಾಕ್ಷಿಯನ್ನು ಹೆಸರಿಸಿರುವುದರಿಂದ, ಯಾವ ಧರ್ಮವನ್ನೂ ಒಪ್ಪದವನ, ಹುಟ್ಟಿದ ಧರ್ಮವನ್ನು ಬಿಟ್ಟವನ, ತನ್ನ ಮತದೊಳಗೇ ಇದ್ದು ಹಿರಿಯರ ಮಾತಿಗೆ ಒಪ್ಪದವನ ಸ್ವಾತಂತ್ರ್ಯವೂ ಇದರಲ್ಲಿ ಅಡಗಿದೆ. ಈ ಹಕ್ಕಿಗೆ ಸಾರ್ವಜನಿಕ ಸುವ್ಯವಸ್ಥೆ, ನೈತಿಕತೆ, ಆರೋಗ್ಯ ಮತ್ತು ಇತರ ಮೂಲಭೂತ ಹಕ್ಕುಗಳೆಂಬ ಎಲ್ಲೆಗಳನ್ನು ವಿಧಿಯೇ ಹಾಕಿದೆ. ಅದಲ್ಲದೆ ಧರ್ಮದೊಡನೆ ಬೆರೆತಿರುವ ಆರ್ಥಿಕ, ರಾಜಕೀಯ ಮತ್ತು ಇತರ ಲೌಕಿಕ ವ್ಯವಹಾರಗಳನ್ನು ನಿಯಂತ್ರಿಸುವುದಕ್ಕೂ, ಸಮಾಜ ಸುಧಾರಣೆಗಾಗಿ ಕಾನೂನು ಮಾಡುವುದಕ್ಕೂ, ಸಾರ್ವಜನಿಕ ಸ್ವರೂಪದ ಹಿಂದೂ ಧಾರ್ಮಿಕ ಸಂಸ್ಥೆಗಳನ್ನು ಹಿಂದೂಗಳ ಎಲ್ಲ ವರ್ಗಗಳಿಗೆ ತೆರೆಯುವುದಕ್ಕೂ ಸರ್ಕಾರಕ್ಕೆ ಅಧಿಕಾರವಿದೆ. 26ನೇ ವಿಧಿಯ ಹಕ್ಕು ಧಾರ್ಮಿಕ ಪಂಗಡಕ್ಕೆ, ಅಂದರೆ ಸಮಾನ ನಂಬಿಕೆ, ಸಂಘಟನೆ ಮತ್ತು ಹೆಸರುಳ್ಳ ಸಮುದಾಯಕ್ಕೆ ಸೇರಿದ್ದು. ಧರ್ಮದ ವಿಷಯಗಳಲ್ಲಿ ತನ್ನ ವ್ಯವಹಾರವನ್ನು ಪಂಗಡ ತಾನೇ ನಡೆಸಿಕೊಳ್ಳಬಹುದು, ಆದರೆ ಆಸ್ತಿಯ ಆಡಳಿತ ಮಾತ್ರ ಕಾನೂನಿಗೆ ಅನುಸಾರವಾಗಿರಬೇಕು. ಹೀಗೆ ವ್ಯಕ್ತಿ, ಪಂಗಡ ಮತ್ತು ಪ್ರಭುತ್ವ ಎಂಬ ಮೂರು ಪಕ್ಷಗಳು ಒಂದೇ ಅಂಗಳದಲ್ಲಿ ನಿಂತಿವೆ. ಮುಂದಿನ ವ್ಯಾಜ್ಯಗಳೆಲ್ಲ ಈ ಮೂರರ ನಡುವಿನ ಗಡಿಯನ್ನು ಕುರಿತವು.

ಈ ಗಡಿ ಕಷ್ಟದ್ದೆಂಬುದು ಸಂವಿಧಾನ ರಚಿಸಿದವರಿಗೆ ತಿಳಿದಿತ್ತು. ರಾಜಕುಮಾರಿ ಅಮೃತ್ ಕೌರ್ ಮತ್ತು ಹಂಸಾ ಮೆಹತಾ ಅವರು ಧರ್ಮವನ್ನು ಆಚರಿಸುವ ಹಕ್ಕನ್ನು ತಡೆಯಿಲ್ಲದೆ ಕೊಟ್ಟರೆ ಪರದೆ ಪದ್ಧತಿ, ದೇವದಾಸಿ ಪದ್ಧತಿಯಂಥ ಅನಾಚಾರಗಳೂ ಹಕ್ಕಿನ ಹೆಸರಿನಲ್ಲಿ ಉಳಿದುಬಿಡುತ್ತವೆಂದು ಆತಂಕಪಟ್ಟರು. ಸಮಾಜ ಸುಧಾರಣೆಯ ಉಪವಿಧಿ ವಿಧಿಯೊಳಗೆ ಸೇರಿದ್ದರ ಹಿಂದೆ ಈ ಆತಂಕದ ಪಾಲು ದೊಡ್ಡದು. 1948ರ ಡಿಸೆಂಬರಿನಲ್ಲಿ ಧರ್ಮಪ್ರಚಾರದ ಹಕ್ಕನ್ನು ಕೈಬಿಡಬೇಕೆಂದು ಲೋಕನಾಥ ಮಿಶ್ರ ತೀವ್ರವಾಗಿ ವಾದಿಸಿದರು, ಕೆ. ಎಂ. ಮುನ್ಶಿ, ಟಿ. ಟಿ. ಕೃಷ್ಣಮಾಚಾರಿ ಮೊದಲಾದವರು ಅದರ ಪರವಾಗಿ ನಿಂತು ಸಭೆಯ ಒಪ್ಪಿಗೆ ದೊರಕುವಂತೆ ಮಾಡಿದರು. ಅದೇ ತಿಂಗಳ ಆರಂಭದಲ್ಲಿ ಬಿ. ಆರ್. ಅಂಬೇಡ್ಕರ್ ಅವರು, ಈ ದೇಶದಲ್ಲಿ ಹುಟ್ಟಿನಿಂದ ಸಾವಿನವರೆಗಿನ ಬದುಕನ್ನೆಲ್ಲ ಧರ್ಮವೇ ಆವರಿಸಿಕೊಂಡಿರುವುದರಿಂದ, ಯಾವುದು ನಿಜಕ್ಕೂ ಧಾರ್ಮಿಕ ಸ್ವರೂಪದ್ದೋ ಅಷ್ಟಕ್ಕೆ ಮಾತ್ರ ರಕ್ಷಣೆಯನ್ನು ಸೀಮಿತಗೊಳಿಸದಿದ್ದರೆ ಆಸ್ತಿ, ಉತ್ತರಾಧಿಕಾರದಂಥ ವಿಷಯಗಳಲ್ಲಿ ಶಾಸನ ಮಾಡುವುದೇ ಅಸಾಧ್ಯವಾಗುತ್ತದೆ ಎಂಬ ಅರ್ಥದಲ್ಲಿ ಮಾತನಾಡಿದ್ದರು. ಧಾರ್ಮಿಕವಾದುದನ್ನೂ ಲೌಕಿಕವಾದುದನ್ನೂ ಬೇರ್ಪಡಿಸುವುದು ಅವರ ಉದ್ದೇಶವಾಗಿತ್ತು; ಧಾರ್ಮಿಕವಾದುದರೊಳಗೇ ಯಾವುದು ಮುಖ್ಯ, ಯಾವುದು ಗೌಣ ಎಂದು ಸೋಸುವ ಕೆಲಸವನ್ನು ಅವರು ಯಾರಿಗೂ ವಹಿಸಿರಲಿಲ್ಲ.

ಸಾರ್ವಜನಿಕ ಜೀವನದಲ್ಲಿ ಹಲವು ಧರ್ಮಗಳ ಸಹವಾಸ ಕನ್ನಡ ನಾಡಿಗೆ ಸಂವಿಧಾನದೊಡನೆ ಬಂದ ಹೊಸ ಪ್ರಶ್ನೆಯಲ್ಲ. ಶ್ರವಣಬೆಳಗೊಳದಲ್ಲಿರುವ ವಿಜಯನಗರದ ಅರಸ ಬುಕ್ಕರಾಯನ 1368ರ ಶಾಸನ ಇದಕ್ಕೆ ಪ್ರಸಿದ್ಧ ಸಾಕ್ಷಿ. ಆನೆಗೊಂದಿ, ಪೆನುಗೊಂಡೆ ಮೊದಲಾದ ಕಡೆಗಳ ಜೈನ ಶ್ರಾವಕರು ಶ್ರೀವೈಷ್ಣವರಿಂದ ತಮಗೆ ಅನ್ಯಾಯವಾಗುತ್ತಿದೆಯೆಂದು ಅರಸನಲ್ಲಿ ದೂರಿದಾಗ, ಅವನು ಶ್ರೀರಂಗ, ತಿರುಮಲೆ, ಕಂಚಿ, ಮೇಲುಕೋಟೆಗಳ ಆಚಾರ್ಯರೂ ಸೇರಿದಂತೆ ಹದಿನೆಂಟು ನಾಡುಗಳ ಶ್ರೀವೈಷ್ಣವರ ಸಮ್ಮುಖದಲ್ಲಿ ಜೈನರ ಕೈಯನ್ನು ವೈಷ್ಣವರ ಕೈಯಲ್ಲಿಟ್ಟು, ಎರಡು ದರ್ಶನಗಳ ನಡುವೆ ಭೇದವೆಣಿಸಬಾರದೆಂದು ಕಟ್ಟುಮಾಡಿದನು. ಅಲ್ಲಿ ಎದ್ದಿದ್ದ ಪ್ರಶ್ನೆ ಆತ್ಮ, ಮೋಕ್ಷಗಳ ತತ್ತ್ವಚರ್ಚೆಯದಲ್ಲ. ಪಂಚಮಹಾವಾದ್ಯ ಮತ್ತು ಕಲಶಗಳು ಜೈನ ದರ್ಶನಕ್ಕೂ ಸಲ್ಲುತ್ತವೆಯೇ ಎಂಬುದು, ಅಂದರೆ ಬೀದಿಯಲ್ಲಿ ಎಲ್ಲರ ಕಣ್ಣೆದುರು ಮರ್ಯಾದೆಯಿಂದ ಕಾಣಿಸಿಕೊಳ್ಳುವ ಅಧಿಕಾರದ್ದು. ಅವು ಹಿಂದಿನಿಂದಲೂ ಸಲ್ಲುತ್ತವೆಂದು ಅರಸ ತೀರ್ಮಾನಿಸಿದ್ದಲ್ಲದೆ, ಬೆಳಗೊಳದ ದೇವರ ಅಂಗರಕ್ಷಣೆಗೆ ಇಪ್ಪತ್ತು ಮಂದಿಯನ್ನು ನೇಮಿಸುವ ಹೊಣೆಯನ್ನು ತಿರುಮಲೆಯ ತಾತಯ್ಯನಿಗೆ ವಹಿಸಿ, ಅದಕ್ಕಾಗಿ ಜೈನರ ಮನೆಮನೆಯಿಂದ ಎತ್ತಿದ ಹಣದಲ್ಲಿ ಉಳಿದುದನ್ನು ಜಿನಾಲಯಗಳ ದುರಸ್ತಿ ಮತ್ತು ಸುಣ್ಣಬಣ್ಣಕ್ಕೆ ಬಳಸಬೇಕೆಂದು ಗೊತ್ತುಮಾಡಲಾಯಿತು. ಅರಸನ ವಿವೇಕ ದೊಡ್ಡದು; ಆದರೂ ಅಲ್ಲಿ ರಕ್ಷಣೆ ಅವನ ಕೃಪೆಯಿಂದ ಬಂದದ್ದು. 1950ರ ನಂತರ ಅದೇ ರಕ್ಷಣೆಯನ್ನು ಬೇಡಿಕೊಂಡಲ್ಲ, ಹಕ್ಕಾಗಿ ಪಡೆಯುವ ಸ್ಥಿತಿ ಬಂತು, ಮತ್ತು ಅದನ್ನು ಮೊದಲು ಪರೀಕ್ಷೆಗೆ ಒಡ್ಡಿದ್ದು ಉಡುಪಿ.

ಉಡುಪಿಯ ಕೃಷ್ಣಮಠದ ಪೂಜೆ ಎಂಟು ಮಠಗಳಿಗೆ ಸರದಿಯಂತೆ ಎರಡೆರಡು ವರ್ಷ ಬರುತ್ತದೆ, ಇದೇ ಪರ್ಯಾಯ. ಸರದಿ ಬಂದ ಮಠ ಆ ಎರಡು ವರ್ಷ ಪೂಜೆ, ಉತ್ಸವ, ಬಂದವರಿಗೆಲ್ಲ ಅನ್ನಸಂತರ್ಪಣೆಯ ವೆಚ್ಚವನ್ನು ಹೊರಬೇಕಾಗಿದ್ದು, ಆ ಹೊರೆಯಿಂದ ಶಿರೂರು ಮಠ ಸಾಲದಲ್ಲಿ ಸಿಕ್ಕಿಕೊಂಡಿತು. ಆಗ ಉಡುಪಿ ಮದರಾಸು ಪ್ರಾಂತ್ಯದಲ್ಲಿತ್ತು. ಅಲ್ಲಿನ ಧಾರ್ಮಿಕ ದತ್ತಿಗಳ ಮಂಡಳಿ ಮಠದ ಆಡಳಿತವನ್ನು ತನ್ನ ಯೋಜನೆಯೊಂದಕ್ಕೆ ಒಳಪಡಿಸಲು ಹೊರಟಾಗ, ಮಠಾಧಿಪತಿಗಳಾದ ಶ್ರೀ ಲಕ್ಷ್ಮೀಂದ್ರ ತೀರ್ಥ ಸ್ವಾಮಿಗಳು ಹೈಕೋರ್ಟಿನ ಮೊರೆಹೋದರು. ಅಷ್ಟರಲ್ಲಿ 1951ರ ಹಿಂದೂ ಧಾರ್ಮಿಕ ಮತ್ತು ಧರ್ಮಾದಾಯ ದತ್ತಿಗಳ ಕಾಯಿದೆ ಜಾರಿಗೆ ಬಂದದ್ದರಿಂದ ಆ ಕಾಯಿದೆಯ ಸಿಂಧುತ್ವವೇ ವ್ಯಾಜ್ಯದ ವಿಷಯವಾಯಿತು. ಹೈಕೋರ್ಟಿನಲ್ಲಿ ಮಠ ಗೆದ್ದಿತು, ಸರ್ಕಾರದ ಕಡೆಯಿಂದ ಮೇಲ್ಮನವಿ ಹೋಯಿತು, ಏಳು ನ್ಯಾಯಮೂರ್ತಿಗಳ ಪೀಠದ ಪರವಾಗಿ ಬಿ. ಕೆ. ಮುಖರ್ಜಿಯವರು 1954ರಲ್ಲಿ ತೀರ್ಪು ಬರೆದರು.

ಆ ತೀರ್ಪನ್ನು ಇಂದು ಓದುವವರಿಗೆ ಅದರ ಉದಾರತೆ ಆಶ್ಚರ್ಯ ತರುತ್ತದೆ. ಧರ್ಮವೆಂದರೆ ದೇವರಲ್ಲಿನ ನಂಬಿಕೆಯೇ ಆಗಬೇಕಿಲ್ಲ, ಜಗತ್ಕರ್ತನನ್ನು ಒಪ್ಪದ ಬೌದ್ಧ, ಜೈನ ಮತಗಳೂ ಧರ್ಮಗಳೇ ಎಂದು ಅದು ಹೇಳಿತು. ಧರ್ಮ ಕೇವಲ ಮನಸ್ಸಿನೊಳಗಿನ ಸಿದ್ಧಾಂತವಲ್ಲ, ಅದು ತನ್ನ ಅನುಯಾಯಿಗಳಿಗೆ ವಿಧಿ, ಕ್ರಿಯೆ, ಪೂಜಾವಿಧಾನಗಳನ್ನು ಗೊತ್ತುಪಡಿಸಬಹುದು, ಅವು ಆಹಾರ ಮತ್ತು ಉಡುಪಿನವರೆಗೂ ಚಾಚಬಹುದು ಎಂದಿತು. ಒಂದು ಧರ್ಮದ ಅವಶ್ಯ ಭಾಗ ಯಾವುದೆಂಬುದನ್ನು ಮುಖ್ಯವಾಗಿ ಆ ಧರ್ಮದ ಸಿದ್ಧಾಂತಗಳಿಂದಲೇ ತಿಳಿಯಬೇಕು; ಇಂಥ ಹೊತ್ತಿಗೆ ದೇವರಿಗೆ ನೈವೇದ್ಯವಾಗಬೇಕು, ಇಂಥ ಕಾಲದಲ್ಲಿ ಇಂಥ ಉತ್ಸವ ನಡೆಯಬೇಕು, ಹೋಮವಾಗಬೇಕು ಎಂದು ಸಂಪ್ರದಾಯ ಹೇಳಿದರೆ, ಹಣ ಖರ್ಚಾಗುತ್ತದೆಂಬ ಕಾರಣಕ್ಕೆ ಅವು ಲೌಕಿಕ ವ್ಯವಹಾರಗಳಾಗುವುದಿಲ್ಲ. ಮಠಾಧಿಪತಿ ಬರಿಯ ಮ್ಯಾನೇಜರನಲ್ಲ, ಅವನ ಸ್ಥಾನದಲ್ಲಿ ಗುರುತ್ವವೂ ಆಸ್ತಿಯ ಹಕ್ಕೂ ಬೆರೆತಿವೆ ಎಂದು ಗುರುತಿಸಿ, ಅಧಿಕಾರಿಗಳು ಮಠದ ಯಾವ ಭಾಗವನ್ನಾದರೂ ಕಟ್ಟಳೆಯಿಲ್ಲದೆ ಪ್ರವೇಶಿಸಬಹುದೆಂಬ ಕಲಮನ್ನು ಅದು ರದ್ದುಪಡಿಸಿತು. ಮಠಗಳಿಂದ ವಸೂಲಾಗುತ್ತಿದ್ದ ವಾರ್ಷಿಕ ವಂತಿಗೆ ಸಲ್ಲಿಸಿದ ಸೇವೆಗೆ ಪ್ರತಿಯಾದ ಶುಲ್ಕವಲ್ಲ, ತೆರಿಗೆಯೇ ಎಂದೂ, ಅದನ್ನು ಹಾಕುವ ಅಧಿಕಾರ ರಾಜ್ಯಕ್ಕಿಲ್ಲವೆಂದೂ ತೀರ್ಮಾನವಾಯಿತು. ಈ ತೀರ್ಪು ತನ್ನ ವಾದಕ್ಕೆ ಆಧಾರವಾಗಿ ಹಿಡಿದದ್ದರಲ್ಲಿ ಆಸ್ಟ್ರೇಲಿಯಾದ ನ್ಯಾಯಾಲಯವೊಂದು ಯೆಹೋವನ ಸಾಕ್ಷಿಗಳು ಎಂಬ ಸಣ್ಣ ಕ್ರೈಸ್ತ ಪಂಗಡದ ಮೊಕದ್ದಮೆಯಲ್ಲಿ 1943ರಲ್ಲಿ ಹೇಳಿದ ಮಾತೂ ಒಂದು. ಮಾಧ್ವ ಮಠವೊಂದರ ಸ್ವಾತಂತ್ರ್ಯಕ್ಕೆ ದೂರದೇಶದ ಅಲ್ಪಸಂಖ್ಯಾತ ಪಂಗಡವೊಂದರ ಅನುಭವ ನೆರವಾಯಿತೆಂಬುದು, ನಂಬಿಕೆಯ ಹಕ್ಕು ಯಾರೊಬ್ಬರ ಸೊತ್ತೂ ಅಲ್ಲವೆಂಬುದಕ್ಕೆ ಒಳ್ಳೆಯ ನಿದರ್ಶನ.

ಮೂಲ್ಕಿಯ ಪ್ರಶ್ನೆ ಇದಕ್ಕಿಂತ ಕಠಿಣವಾದದ್ದು, ಏಕೆಂದರೆ ಅಲ್ಲಿ ಪಂಗಡದ ಎದುರು ನಿಂತದ್ದು ಸರ್ಕಾರದ ಅಧಿಕಾರಿಯಷ್ಟೇ ಅಲ್ಲ, ಶತಮಾನಗಳಿಂದ ಗುಡಿಯ ಹೊರಗೆ ನಿಲ್ಲಿಸಲ್ಪಟ್ಟ ಜನ. ಮದರಾಸಿನ 1947ರ ದೇವಾಲಯ ಪ್ರವೇಶ ಕಾಯಿದೆ ದಲಿತರಿಗೆ ಹಿಂದೂ ದೇವಾಲಯಗಳ ಬಾಗಿಲು ತೆರೆಯಿತು. ವೆಂಕಟರಮಣ ದೇವಾಲಯ ಗೌಡ ಸಾರಸ್ವತ ಬ್ರಾಹ್ಮಣರದ್ದು, ಆದ್ದರಿಂದ ಕಾಯಿದೆ ತಮಗೆ ಅನ್ವಯಿಸದು ಎಂದು ಮೊಕ್ತೇಸರರು ದಾವೆ ಹೂಡಿದರು. ವ್ಯಾಜ್ಯ ದೆಹಲಿಯಲ್ಲಿ ಮುಗಿಯುವ ಹೊತ್ತಿಗೆ ರಾಜ್ಯಗಳ ಪುನರ್ವಿಂಗಡಣೆಯಾಗಿ ದಕ್ಷಿಣ ಕನ್ನಡ ಮೈಸೂರಿಗೆ ಸೇರಿತ್ತು; ಆದ್ದರಿಂದಲೇ ಕಾನೂನಿನ ವರದಿಗಳಲ್ಲಿ ಪ್ರತಿವಾದಿಯ ಸ್ಥಾನದಲ್ಲಿ ಮೈಸೂರು ರಾಜ್ಯದ ಹೆಸರಿದೆ. ನ್ಯಾಯಮೂರ್ತಿ ಟಿ. ಎಲ್. ವೆಂಕಟರಾಮ ಅಯ್ಯರ್ ಅವರ ತೀರ್ಪು ಪಂಗಡದ ವಾದವನ್ನು ತಳ್ಳಿಹಾಕದೆ ಅದರ ಬಹುಭಾಗವನ್ನು ಒಪ್ಪಿಕೊಂಡಿತು. ದೇವಾಲಯ ಪಂಗಡಕ್ಕೆ ಸೇರಿದ್ದು ಹೌದು. ಗುಡಿಯೊಳಗೆ ಯಾರು ಬರಬೇಕು, ಎಲ್ಲಿ ನಿಲ್ಲಬೇಕೆಂಬುದು ಆಗಮಗಳು ಹೇಳುವ ಧರ್ಮದ ವಿಷಯವೂ ಹೌದು. ಆದರೂ ಸಾರ್ವಜನಿಕ ಸ್ವರೂಪದ ಹಿಂದೂ ದೇವಾಲಯವನ್ನು ಎಲ್ಲ ವರ್ಗದ ಹಿಂದೂಗಳಿಗೆ ತೆರೆಯುವ ಅಧಿಕಾರವನ್ನು ಸಂವಿಧಾನ ಸ್ಪಷ್ಟವಾಗಿ ಕೊಟ್ಟಿರುವುದರಿಂದ ಪಂಗಡದ ಹಕ್ಕು ಅದಕ್ಕೆ ಮಣಿಯಬೇಕು. ಪಂಗಡದವರಿಗೇ ಮೀಸಲಾದ ಕೆಲವು ವಿಶೇಷ ಸೇವೆಗಳ ಹೊತ್ತಿನಲ್ಲಿ ಇತರರನ್ನು ಹೊರಗಿಡುವುದಕ್ಕೆ ಮಾತ್ರ ಅವಕಾಶವುಳಿಯಿತು. ಅದೂ ಸಾರ್ವಜನಿಕರ ದರ್ಶನದ ಹಕ್ಕು ಪೊಳ್ಳಾಗದ ಮಟ್ಟಿಗೆ.

ಹೊರಗಿಡುವ ಪದ್ಧತಿ ಧರ್ಮವೇ ಅಲ್ಲವೆಂದೋ, ಶಾಸ್ತ್ರವನ್ನು ಮೊಕ್ತೇಸರರು ತಪ್ಪಾಗಿ ತಿಳಿದಿದ್ದಾರೆಂದೋ ಹೇಳಿ ದಲಿತರನ್ನು ಒಳಗೆ ಬಿಡುವುದು ನ್ಯಾಯಾಲಯಕ್ಕೆ ಸುಲಭವಾಗಿತ್ತು. ಅದು ಹಾಗೆ ಮಾಡಲಿಲ್ಲ. ನಿಮ್ಮ ನಂಬಿಕೆ ನಿಮ್ಮ ಮಟ್ಟಿಗೆ ನಿಜವಾದ ನಂಬಿಕೆಯೇ, ಆದರೆ ಇನ್ನೊಬ್ಬರ ಸಮಾನತೆಯ ಎದುರು ಅದು ಹಿಂದೆ ಸರಿಯಬೇಕು ಎಂದು ನೇರವಾಗಿ ಹೇಳಿತು. ಇದರಲ್ಲಿ ಎರಡೂ ಪಕ್ಷಗಳಿಗೆ ಗೌರವವಿದೆ: ಶ್ರದ್ಧಾವಂತರಿಗೆ ಅವರ ಧರ್ಮವನ್ನು ಹೊರಗಿನವರು ಪಾಠ ಹೇಳಲಿಲ್ಲ, ಹೊರಗೆ ನಿಂತವರಿಗೆ ಅವರ ಪ್ರವೇಶ ಶಾಸ್ತ್ರದ ಮರುವ್ಯಾಖ್ಯಾನದಿಂದ ಬಂದ ಭಿಕ್ಷೆಯಾಗಲಿಲ್ಲ. ಸ್ವತಂತ್ರ ಭಾರತದ ನ್ಯಾಯಾಲಯಗಳು ಧರ್ಮದ ಬಗ್ಗೆ ಕೊಟ್ಟ ತೀರ್ಪುಗಳಲ್ಲಿ ಇಷ್ಟು ಪ್ರಾಮಾಣಿಕವಾದದ್ದು ಅಪರೂಪ, ಮತ್ತು ಈ ದಾರಿಯನ್ನು ಮುಂದಿನವರು ಹಿಡಿಯದೆ ಹೋದದ್ದು ನಷ್ಟವೇ ಸರಿ.

ಮುಂದಿನ ದಶಕದಲ್ಲಿ ಪ್ರಶ್ನೆಯೇ ಬೇರೆಯಾಯಿತು. 1961ರಲ್ಲಿ ಅಜ್ಮೇರದ ಖ್ವಾಜಾ ಸಾಹೇಬರ ದರ್ಗಾದ ಆಡಳಿತವನ್ನು ಕುರಿತ ತೀರ್ಪಿನಲ್ಲಿ ನ್ಯಾಯಮೂರ್ತಿ ಪಿ. ಬಿ. ಗಜೇಂದ್ರಗಡ್ಕರ್ ಅವರು, ಧಾರ್ಮಿಕವೆಂದು ಕಾಣುವ ಕೆಲವು ಆಚರಣೆಗಳು ಬರಿಯ ಮೂಢನಂಬಿಕೆಯಿಂದ ಹುಟ್ಟಿ ಧರ್ಮಕ್ಕೆ ಹೊರಗಿನಿಂದ ಅಂಟಿಕೊಂಡವಾಗಿರಬಹುದು, ಅವಶ್ಯವೂ ಅವಿಭಾಜ್ಯವೂ ಅಲ್ಲದ ಅಂಥವಕ್ಕೆ ರಕ್ಷಣೆಯಿಲ್ಲ ಎಂಬ ಎಚ್ಚರಿಕೆಯನ್ನು ಸೇರಿಸಿದರು. ಅಲ್ಲಿಂದಾಚೆಗೆ ಅತ್ಯಗತ್ಯ ಧಾರ್ಮಿಕ ಆಚರಣೆ ಎಂಬ ಕಟ್ಟಳೆ ಬೆಳೆಯಿತು. ಇದರ ಪ್ರಕಾರ ಒಂದು ಆಚರಣೆಗೆ ಸಂವಿಧಾನದ ಆಶ್ರಯ ಬೇಕಾದರೆ, ಅದನ್ನು ತೆಗೆದುಹಾಕಿದರೆ ಧರ್ಮದ ಸ್ವರೂಪವೇ ಬದಲಾಗುತ್ತದೆಂದು ನ್ಯಾಯಾಧೀಶರಿಗೆ ಮನವರಿಕೆಯಾಗಬೇಕು. ಧರ್ಮವನ್ನು ಆ ಧರ್ಮದಿಂದಲೇ ತಿಳಿಯಬೇಕೆಂಬ ಶಿರೂರು ಮಠದ ಮಾತಿನ ಅಕ್ಷರ ಉಳಿಯಿತು, ಅಧಿಕಾರ ಮಾತ್ರ ಮಠದಿಂದ ನ್ಯಾಯಪೀಠಕ್ಕೆ ಸ್ಥಳಾಂತರವಾಯಿತು.

ಇದರ ಫಲವನ್ನು ಎರಡು ಮೊಕದ್ದಮೆಗಳಲ್ಲಿ ನೋಡಬಹುದು. ಸ್ವಾಮಿನಾರಾಯಣ ಪಂಥದವರು ತಾವು ಹಿಂದೂಗಳಲ್ಲ, ಆದ್ದರಿಂದ ದೇವಾಲಯ ಪ್ರವೇಶದ ಕಾಯಿದೆ ತಮ್ಮ ಮಂದಿರಗಳಿಗೆ ಅನ್ವಯಿಸದು ಎಂದು ವಾದಿಸಿದಾಗ, 1966ರಲ್ಲಿ ಸುಪ್ರೀಂ ಕೋರ್ಟು ಹಿಂದೂ ಧರ್ಮದ ಸ್ವರೂಪವನ್ನು ದೀರ್ಘವಾಗಿ ವಿವರಿಸಿ, ಆ ಪಂಥದವರ ಭಯ ಅವರದೇ ಗುರುವಿನ ಬೋಧೆಯ ತಪ್ಪು ಗ್ರಹಿಕೆಯಿಂದ ಹುಟ್ಟಿದ್ದೆಂದು ಹೇಳಿತು. ದಲಿತರಿಗೆ ಬಾಗಿಲು ತೆರೆಯಿತು, ಅದು ತೆರೆಯಲೇಬೇಕಾಗಿತ್ತು. ಆದರೆ ಅದಕ್ಕಾಗಿ ಒಂದು ಸಮುದಾಯದ ಗುರು ಏನು ಕಲಿಸಿದನೆಂದು ಅದಕ್ಕೇ ಬೋಧಿಸುವ ಅಗತ್ಯವಿರಲಿಲ್ಲ, ಯಾವ ಮತದಲ್ಲಿದ್ದರೂ ಅಸ್ಪೃಶ್ಯತೆ ಅಪರಾಧವೆನ್ನುವ 17ನೇ ವಿಧಿಯ ನೇರ ದಾರಿ ತೆರೆದೇ ಇತ್ತು. ಇನ್ನೊಂದು ಆನಂದಮಾರ್ಗದವರದು. ತಲೆಬುರುಡೆ, ಚೂರಿ, ತ್ರಿಶೂಲ ಹಿಡಿದು ಬೀದಿಯಲ್ಲಿ ತಾಂಡವ ನೃತ್ಯ ಮಾಡುವುದನ್ನು ಕಲ್ಕತ್ತೆಯ ಪೊಲೀಸರು ತಡೆದರು. ಜನರ ಭದ್ರತೆಯ ಪ್ರಶ್ನೆಯಾಗಿ ಇದನ್ನು ನೋಡುವುದಕ್ಕೆ ಸಾಕಷ್ಟು ಆಧಾರವಿತ್ತು. ಆದರೆ 1983ರ ತೀರ್ಪು, ಪಂಥ ಸ್ಥಾಪನೆಯಾದದ್ದು 1955ರಲ್ಲಿ, ತಾಂಡವ ಸೇರಿದ್ದು 1966ರಲ್ಲಿ, ಹಾಗಾಗಿ ಅದು ಅತ್ಯಗತ್ಯವಲ್ಲ ಎಂದು ಲೆಕ್ಕಹಾಕಿತು. 2004ರಲ್ಲಿ ಪ್ರಶ್ನೆ ಮತ್ತೆ ಬಂದಾಗಲೂ ಬಹುಮತದ ನಿಲುವು ಬದಲಾಗಲಿಲ್ಲ. ಧರ್ಮ ಸ್ಥಾಪನೆಯ ದಿನವೇ ಪೂರ್ಣವಾಗಿ ಹುಟ್ಟಿಬಿಡುತ್ತದೆ, ಆಮೇಲೆ ಅದು ಬೆಳೆಯಬಾರದು ಎಂಬ ಈ ಎಣಿಕೆಯನ್ನು ಯಾವ ಧರ್ಮದ ಇತಿಹಾಸವೂ ಒಪ್ಪುವುದಿಲ್ಲ. ಇದೇ ಕಟ್ಟಳೆಯನ್ನು ಉಡುಪಿಗೆ ಹಚ್ಚಿದರೆ, ಹದಿನಾರನೆಯ ಶತಮಾನದಲ್ಲಿ ವಾದಿರಾಜರು ಎರಡು ತಿಂಗಳಿಗೊಮ್ಮೆ ಬದಲಾಗುತ್ತಿದ್ದ ಸರದಿಯನ್ನು ಎರಡು ವರ್ಷದ ಪರ್ಯಾಯವಾಗಿ ಮಾರ್ಪಡಿಸಿದರೆಂಬ ಸಂಪ್ರದಾಯದ ಮಾತು ಏನಾಗಬೇಕು?

ಧರ್ಮಪ್ರಚಾರದ ಹಕ್ಕಿಗೂ 1977ರಲ್ಲಿ ಇಂಥದೇ ಸಂಕೋಚ ಬಂತು. ಬಲಾತ್ಕಾರ, ವಂಚನೆ, ಆಮಿಷಗಳಿಂದ ಆಗುವ ಮತಾಂತರವನ್ನು ತಡೆಯುವ ಒಡಿಶಾ ಮತ್ತು ಮಧ್ಯಪ್ರದೇಶಗಳ ಕಾಯಿದೆಗಳನ್ನು ಎತ್ತಿಹಿಡಿಯುತ್ತ ಸುಪ್ರೀಂ ಕೋರ್ಟು, ಪ್ರಚಾರದ ಹಕ್ಕಿನಲ್ಲಿ ಇನ್ನೊಬ್ಬರನ್ನು ಮತಾಂತರಿಸುವ ಹಕ್ಕು ಸೇರಿಲ್ಲವೆಂದಿತು. ಬಲಾತ್ಕಾರ ಕೂಡದೆಂಬುದರಲ್ಲಿ ಎರಡು ಮಾತಿಲ್ಲ. ಆದರೆ ಮತಾಂತರವನ್ನು ಮಾಡಿಸುವವನ ಹಕ್ಕಾಗಿ ಮಾತ್ರ ನೋಡಿದಾಗ, ಕೇಳಿ, ಯೋಚಿಸಿ, ತಾನಾಗಿ ಮತ ಬದಲಿಸುವವನ ಆತ್ಮಸಾಕ್ಷಿ ಚರ್ಚೆಯಿಂದಲೇ ಹೊರಗುಳಿಯುತ್ತದೆ. 1956ರ ಅಕ್ಟೋಬರ್ 14ರಂದು ನಾಗಪುರದಲ್ಲಿ ಲಕ್ಷಾಂತರ ಜನರೊಡನೆ ಬೌದ್ಧ ಧರ್ಮವನ್ನು ಸ್ವೀಕರಿಸಿದ ಅಂಬೇಡ್ಕರ್ ಅವರ ದೇಶದಲ್ಲಿ ಇದು ಸಣ್ಣ ಲೋಪವಲ್ಲ.

ಈ ನಡುವೆ ಬೇರೊಂದು ದಾರಿಯನ್ನು ತೋರಿಸಿದ್ದು ಕೇರಳದಿಂದ ಬಂದ, ಬಿಜೋ ಇಮ್ಮಾನುಯೆಲ್ ಪ್ರಕರಣವೆಂದು ಕಾನೂನಿನ ಪುಸ್ತಕಗಳಲ್ಲಿ ಪ್ರಸಿದ್ಧವಾದ 1986ರ ತೀರ್ಪು. ಯೆಹೋವನ ಸಾಕ್ಷಿಗಳ ಪಂಗಡಕ್ಕೆ ಸೇರಿದ ಮೂವರು ಮಕ್ಕಳು ಶಾಲೆಯಲ್ಲಿ ರಾಷ್ಟ್ರಗೀತೆ ಹಾಡುವಾಗ ಗೌರವದಿಂದ ಎದ್ದು ನಿಲ್ಲುತ್ತಿದ್ದರು, ಆದರೆ ಹಾಡುತ್ತಿರಲಿಲ್ಲ. ದೇವರ ಪ್ರಾರ್ಥನೆಯ ಹೊರತು ಬೇರೆ ಯಾವ ವಿಧಿಯಲ್ಲೂ ಪಾಲ್ಗೊಳ್ಳಬಾರದೆಂಬುದು ಅವರ ನಂಬಿಕೆ. ಅವರ ಅಕ್ಕಂದಿರೂ ಅಲ್ಲಿ ಹಾಗೆಯೇ ಓದಿದ್ದರು, ಯಾರಿಗೂ ಅದು ತೊಂದರೆಯಾಗಿರಲಿಲ್ಲ. 1985ರ ಜುಲೈಯಲ್ಲಿ ಶಾಸಕರೊಬ್ಬರು ಅದನ್ನು ವಿಧಾನಸಭೆಯಲ್ಲಿ ಎತ್ತಿದರು. ವಿಚಾರಣೆಗೆ ನೇಮಕವಾದ ಆಯೋಗ ಮಕ್ಕಳು ಶಿಸ್ತಿನವರು, ರಾಷ್ಟ್ರಗೀತೆಗೆ ಅಗೌರವ ತೋರಿಲ್ಲ ಎಂದು ವರದಿ ಮಾಡಿದರೂ ಅವರನ್ನು ಶಾಲೆಯಿಂದ ಹೊರಹಾಕಲಾಯಿತು. ರಾಷ್ಟ್ರಗೀತೆಯ ಯಾವ ಪದದಲ್ಲೂ ಯಾರ ಧರ್ಮಕ್ಕೂ ನೋವಾಗುವಂಥದ್ದಿಲ್ಲವೆಂದು ಕೇರಳ ಹೈಕೋರ್ಟು ಅವರ ಅರ್ಜಿಯನ್ನು ತಳ್ಳಿಹಾಕಿತು.

ನ್ಯಾಯಮೂರ್ತಿಗಳಾದ ಓ. ಚಿನ್ನಪ್ಪ ರೆಡ್ಡಿ ಮತ್ತು ಎಂ. ಎಂ. ದತ್ತ ಅವರ ಪೀಠ ಆ ತೀರ್ಪನ್ನು ಬದಿಗಿಟ್ಟಿತು. ನಂಬಿಕೆ ನ್ಯಾಯಾಧೀಶರ ವಿವೇಚನೆಗೆ ಒಪ್ಪುವುದೇ ಎಂಬುದು ಪ್ರಶ್ನೆಯಲ್ಲ, ಅದನ್ನು ಇಟ್ಟುಕೊಂಡವರು ಮನಃಪೂರ್ವಕವಾಗಿ, ಪ್ರಾಮಾಣಿಕವಾಗಿ ಇಟ್ಟುಕೊಂಡಿದ್ದಾರೆಯೇ ಎಂಬುದು ಪ್ರಶ್ನೆ ಎಂದು ಅದು ಹೇಳಿತು. ಅದಾದ ಮೇಲೆ ಕೇಳಬೇಕಾದದ್ದು ಸರ್ಕಾರವನ್ನು: ಈ ಹಕ್ಕನ್ನು ಮೊಟಕುಗೊಳಿಸುವ ಕಾನೂನು ಯಾವುದು, ಅದು ಸಾರ್ವಜನಿಕ ಸುವ್ಯವಸ್ಥೆ, ನೈತಿಕತೆ, ಆರೋಗ್ಯಗಳಿಗೆ ಹೇಗೆ ಸಂಬಂಧಿಸಿದೆ? ರಾಷ್ಟ್ರಗೌರವಕ್ಕೆ ಅಪಮಾನ ತಡೆಯುವ 1971ರ ಕಾಯಿದೆ ಹಾಡುವುದಕ್ಕೆ ಅಡ್ಡಿಪಡಿಸುವವರನ್ನು ಶಿಕ್ಷಿಸುತ್ತದೆ, ಸುಮ್ಮನೆ ನಿಂತವರನ್ನಲ್ಲ. ಇಲಾಖೆಯ ಸುತ್ತೋಲೆ ಶಾಸನವಾಗಲಾರದು. ಮಕ್ಕಳನ್ನು ಮರಳಿ ಶಾಲೆಗೆ ಸೇರಿಸಿಕೊಳ್ಳಬೇಕೆಂದು ಆದೇಶವಾಯಿತು. ಸಾಬೀತುಪಡಿಸುವ ಹೊಣೆ ಯಾರ ಮೇಲಿದೆ ಎಂಬುದೇ ಇಲ್ಲಿನ ಮುಖ್ಯ ವ್ಯತ್ಯಾಸ: ಅತ್ಯಗತ್ಯ ಆಚರಣೆಯ ಕಟ್ಟಳೆಯಲ್ಲಿ ಶ್ರದ್ಧಾವಂತನು ಗ್ರಂಥಗಳನ್ನು ಹೊತ್ತು ತಂದು ತನ್ನ ಧರ್ಮವನ್ನು ಸಾಬೀತುಪಡಿಸಬೇಕು, ಇಲ್ಲಿ ಪ್ರಭುತ್ವ ತನ್ನ ನಿರ್ಬಂಧಕ್ಕೆ ಕಾರಣವನ್ನು ಸಾಬೀತುಪಡಿಸಬೇಕು.

ಪ್ರಾಮಾಣಿಕ ನಂಬಿಕೆಯಾದರೆ ಸಾಕೆಂದರೆ ಎಲ್ಲ ಕ್ರೌರ್ಯವೂ ನಂಬಿಕೆಯ ವೇಷದಲ್ಲಿ ಒಳಗೆ ನುಸುಳುತ್ತದೆಯೆಂಬ ಆಕ್ಷೇಪ ಇದಕ್ಕೆ ಸಹಜವಾಗಿಯೇ ಬರುತ್ತದೆ, ಮತ್ತು ಅದು ಅಮೃತ್ ಕೌರ್ ಅವರ ಆತಂಕದ ಮುಂದುವರಿಕೆಯಾದ್ದರಿಂದ ಗೌರವದ ಉತ್ತರಕ್ಕೆ ಅರ್ಹವಾದದ್ದು. ಕರ್ನಾಟಕದ ಶಾಸನಗಳಲ್ಲೇ ಆ ಉತ್ತರ ಸಿಗುತ್ತದೆ. ಹೆಣ್ಣುಮಕ್ಕಳನ್ನು ದೇವದಾಸಿಯರಾಗಿ ಸಮರ್ಪಿಸುವುದನ್ನು 1982ರ ಕಾಯಿದೆ ನಿಷೇಧಿಸಿದಾಗ ಅದಕ್ಕೆ ಆಧಾರವಾದದ್ದು ಆ ಪದ್ಧತಿ ಯಾವ ಶಾಸ್ತ್ರದಲ್ಲಿದೆ ಎಂಬ ವಿಚಾರವಲ್ಲ, ಆ ಹೆಣ್ಣುಮಕ್ಕಳಿಗೆ ಆಗುತ್ತಿದ್ದ ಶೋಷಣೆ. ಉಂಡೆದ್ದ ಎಲೆಗಳ ಮೇಲೆ ಉರುಳುವ ಮಡೆಸ್ನಾನ ಕುಕ್ಕೆ ಸುಬ್ರಹ್ಮಣ್ಯದಲ್ಲಿ ದೀರ್ಘಕಾಲ ನಡೆದುಬಂದಿತ್ತು. ಉರುಳುವವರಲ್ಲಿ ಅನೇಕರು ಹರಕೆ ಹೊತ್ತು ಮನಃಪೂರ್ವಕವಾಗಿಯೇ ಉರುಳುತ್ತಿದ್ದರು. ಅಮಾನವೀಯ ಅನಿಷ್ಟ ಪದ್ಧತಿಗಳನ್ನು ತಡೆಯುವ 2017ರ ಕಾಯಿದೆ ಅದನ್ನು ನಿಷೇಧಿತ ಆಚರಣೆಗಳ ಸಾಲಿಗೆ ಸೇರಿಸಿದ್ದು ಮನುಷ್ಯನ ಘನತೆಯ ನೆಲೆಯಲ್ಲಿ. ಭಕ್ತರ ಭಕ್ತಿ ಸುಳ್ಳೆಂದು ಹೇಳಬೇಕಾದ ಅಗತ್ಯ ಎಲ್ಲೂ ಬರಲಿಲ್ಲ. ಹಾನಿ, ಘನತೆ, ಸಮಾನತೆ ಎಂಬ ಅಳತೆಗಳು ಸಂವಿಧಾನದೊಳಗೇ ಇರುವಾಗ ಧರ್ಮಶಾಸ್ತ್ರದ ಪರೀಕ್ಷೆಗೆ ಇಳಿಯುವುದು ಅನಗತ್ಯವಾದ ಸಾಹಸ. ದಾವೂದಿ ಬೋಹ್ರಾ ಸಮುದಾಯದಲ್ಲಿ ಧರ್ಮಗುರುವಿಗೆ ಬಹಿಷ್ಕಾರ ಹಾಕುವ ಅಧಿಕಾರ ಅವಶ್ಯವೆಂದು 1962ರಲ್ಲಿ ಎಣಿಸಿದ ಸುಪ್ರೀಂ ಕೋರ್ಟು, ಬಹಿಷ್ಕಾರವನ್ನು ನಿಷೇಧಿಸಿದ್ದ ಮುಂಬಯಿಯ ಕಾಯಿದೆಯನ್ನೇ ರದ್ದುಮಾಡಿತ್ತು. ಹೀಗಾಗಿ ಅತ್ಯಗತ್ಯತೆಯ ಕಟ್ಟಳೆ ಸುಧಾರಣೆಯ ಅಸ್ತ್ರವೆಂಬ ನಂಬುಗೆಯೂ ನಿಲ್ಲುವುದಿಲ್ಲ: ಅದು ಒಮ್ಮೆ ಬಡ ಭಕ್ತನ ಆಚರಣೆಯನ್ನು ಕಸಿದರೆ, ಇನ್ನೊಮ್ಮೆ ಬಲಿಷ್ಠ ಗುರುಪೀಠದ ದಂಡನೆಯನ್ನು ಕಾಯುತ್ತದೆ, ಮತ್ತು ಎರಡೂ ಸಲ ಸೋಲುವುದು ಒಂಟಿ ವ್ಯಕ್ತಿಯ ಆತ್ಮಸಾಕ್ಷಿ. ಆ ಬೋಹ್ರಾ ತೀರ್ಪನ್ನು 2023ರಲ್ಲಿ ಒಂಬತ್ತು ನ್ಯಾಯಮೂರ್ತಿಗಳ ಪೀಠದ ಮರುಪರಿಶೀಲನೆಗೆ ಒಪ್ಪಿಸಲಾಯಿತು; ಶಬರಿಮಲೆಯ 2018ರ ತೀರ್ಪಿನಿಂದ ಎದ್ದ ಪ್ರಶ್ನೆಗಳೂ ಅದಕ್ಕೂ ಮೊದಲೇ ಅಷ್ಟೇ ದೊಡ್ಡ ಪೀಠದ ಮುಂದೆ ಹೋಗಿದ್ದವು.

ಉಡುಪಿಯ ಕಾಲೇಜಿನ ಮೊಕದ್ದಮೆ ಈ ಎರಡು ದಾರಿಗಳು ಕವಲೊಡೆಯುವ ಜಾಗದಲ್ಲಿ ಬಂದು ನಿಂತಿತು. 2022ರ ಫೆಬ್ರವರಿ 5ರಂದು ರಾಜ್ಯ ಸರ್ಕಾರ ಸಮವಸ್ತ್ರವನ್ನು ಕುರಿತು ಆದೇಶ ಹೊರಡಿಸಿತು. ಆ ದಿನಗಳಲ್ಲಿ ಕೆಲವು ಕಾಲೇಜುಗಳಲ್ಲಿ ಹಿಜಾಬಿಗೆ ಎದುರಾಗಿ ಕೇಸರಿ ಶಾಲುಗಳೂ ಕಾಣಿಸಿಕೊಂಡು, ಓದಿನ ಅಂಗಳ ಜಗಳದ ಅಂಗಳವಾಯಿತು. ಮಾರ್ಚ್ 15ರಂದು ಹೈಕೋರ್ಟಿನ ಮೂವರು ನ್ಯಾಯಮೂರ್ತಿಗಳ ಪೀಠ, ಕುರಾನಿನ ಆಧಾರಗಳನ್ನು ಪರಿಶೀಲಿಸಿ, ಹಿಜಾಬ್ ಇಸ್ಲಾಮಿನ ಅತ್ಯಗತ್ಯ ಆಚರಣೆಯಲ್ಲವೆಂದೂ, ಸಮವಸ್ತ್ರ ನ್ಯಾಯಸಮ್ಮತ ನಿರ್ಬಂಧವೆಂದೂ, ಆತ್ಮಸಾಕ್ಷಿಯ ವಾದಕ್ಕೆ ಅರ್ಜಿದಾರರು ತಕ್ಕ ಆಧಾರ ಒದಗಿಸಿಲ್ಲವೆಂದೂ ತೀರ್ಪಿತ್ತಿತು. ತರಗತಿಯಲ್ಲಿ ಏಕರೂಪತೆ ಮತ್ತು ಶಿಸ್ತು ಬೇಕೆಂಬ ವಾದಕ್ಕೆ ತೂಕವಿದೆ, ಅದನ್ನು ಹಗುರವಾಗಿ ಕಾಣಬಾರದು. ಆದರೆ ಉಡುಪಿಯದೇ ಮಠದ ಮೊಕದ್ದಮೆಯಲ್ಲಿ, ಧರ್ಮದ ವಿಧಿ ಉಡುಪಿನವರೆಗೂ ಚಾಚಬಹುದು, ಅದನ್ನು ಆ ಧರ್ಮದಿಂದಲೇ ತಿಳಿಯಬೇಕು ಎಂದು ಒಪ್ಪಿಕೊಂಡ ನ್ಯಾಯಶಾಸ್ತ್ರ, ಅರವತ್ತೆಂಟು ವರ್ಷಗಳ ಬಳಿಕ ಅದೇ ಊರಿನ ಹುಡುಗಿಯರಿಗೆ ಅವರ ಗ್ರಂಥದ ಅರ್ಥವನ್ನು ತಾನೇ ವಿವರಿಸತೊಡಗಿತು. ಶಿಸ್ತಿನ ಕಾರಣವೊಂದನ್ನೇ ಮುಂದಿಟ್ಟು, ತಲೆಯ ಮೇಲಿನ ಬಟ್ಟೆಯಿಂದ ತರಗತಿಗೆ ಯಾವ ಅಡ್ಡಿಯಾಗುತ್ತದೆಂದು ಸರ್ಕಾರದಿಂದ ಉತ್ತರ ಪಡೆದಿದ್ದರೆ ತೀರ್ಪು ಯಾವ ಕಡೆ ವಾಲಿದ್ದರೂ ಅದರ ನೆಲೆ ಗಟ್ಟಿಯಾಗಿರುತ್ತಿತ್ತು.

ಅಕ್ಟೋಬರ್ 13ರಂದು ಸುಪ್ರೀಂ ಕೋರ್ಟಿನಲ್ಲಿ ನ್ಯಾಯಮೂರ್ತಿ ಹೇಮಂತ ಗುಪ್ತ ಅವರು ಹೈಕೋರ್ಟಿನ ತೀರ್ಪನ್ನು ಎತ್ತಿಹಿಡಿದು, ಸರ್ಕಾರಿ ವಿದ್ಯಾಸಂಸ್ಥೆಯೊಳಗೆ ಸಮಾನತೆಯ ಸಂಕೇತವಾಗಿ ಸಮವಸ್ತ್ರವನ್ನು ಕಂಡರು. ನ್ಯಾಯಮೂರ್ತಿ ಸುಧಾಂಶು ಧೂಲಿಯಾ ಅವರು ಅತ್ಯಗತ್ಯತೆಯ ವಿಚಾರಣೆಯೇ ಇಲ್ಲಿ ಬೇಕಿರಲಿಲ್ಲವೆಂದು ಹೇಳಿ, ಕೇರಳದ ಮಕ್ಕಳ ಪ್ರಕರಣವನ್ನೇ ಆಧಾರವಾಗಿ ಹಿಡಿದು, ಹಲವು ಅಡೆತಡೆಗಳನ್ನು ದಾಟಿ ಕಾಲೇಜಿನ ಬಾಗಿಲಿಗೆ ಬಂದ ಹುಡುಗಿಯ ಬದುಕನ್ನು ಈ ನಿರ್ಬಂಧ ಸುಲಭಗೊಳಿಸುತ್ತದೆಯೇ ಎಂದು ಕೇಳಿದರು. ಇಬ್ಬರೇ ಇದ್ದ ಪೀಠದಲ್ಲಿ ಒಮ್ಮತವಾಗದ್ದರಿಂದ, ಹೆಚ್ಚಿನ ನ್ಯಾಯಮೂರ್ತಿಗಳ ಪೀಠವನ್ನು ರಚಿಸುವುದಕ್ಕಾಗಿ ಪ್ರಕರಣವನ್ನು ಮುಖ್ಯ ನ್ಯಾಯಮೂರ್ತಿಗಳ ಮುಂದಿಡಲಾಯಿತು. ಆ ಪೀಠದ ಮುಂದೆ ಶಿರೂರು ಮಠದ ತೀರ್ಪೂ ಇರುತ್ತದೆ, ಆನಂದಮಾರ್ಗದ್ದೂ ಇರುತ್ತದೆ, ಮೂಲ್ಕಿಯದೂ ಕೇರಳದ ಶಾಲೆಯದೂ ಇರುತ್ತವೆ. ಆಯ್ದುಕೊಳ್ಳಬೇಕಾದದ್ದು, ವಿದ್ಯಾರ್ಥಿನಿಯನ್ನು ಅವಳ ಧರ್ಮದ ಬಗ್ಗೆ ಪ್ರಶ್ನಿಸುವ ಸಾಲನ್ನೋ, ಸರ್ಕಾರವನ್ನು ಅದರ ನಿರ್ಬಂಧದ ಬಗ್ಗೆ ಪ್ರಶ್ನಿಸುವ ಸಾಲನ್ನೋ ಎಂಬುದನ್ನು ಅದು ತೀರ್ಮಾನಿಸಬೇಕು.